ಹಿಮ ನೋಡದವರು ಆರಿಸಿದ ಟೈರು

ಮೊದಲೇ ಹೇಳಿಬಿಡ್ತೀವಿ, ನಾವು ಮೂವರೂ ಹಿಮವನ್ನು ಕಣ್ಣಾರೆ ನೋಡಿಲ್ಲ. ಒಬ್ಬ ಮೂಡಿಗೆರೆ ಕಡೆಯವನು, ಒಬ್ಬ ಹಾವೇರಿಯವನು, ಇನ್ನೊಬ್ಬ ಬೆಂಗಳೂರಿನವನು. ನಮಗೆ ಚಳಿಗಾಲ ಅಂದ್ರೆ ಎಂಟು ಗಂಟೆ ಕ್ಲಾಸಿಗೆ ಸ್ವೆಟರ್, ಹಾಸ್ಟೆಲ್ ಬಿಸಿನೀರಿನ ಮುಂದೆ ಕ್ಯೂ, ಅಷ್ಟೇ. ಅಂಥ ನಾವು ಹೋದ ಸೆಮಿಸ್ಟರಿನಲ್ಲಿ ಮೂರು ವಾರ ಕೂತು ಜರ್ಮನಿಯ ಒಂದು ಸ್ಪೋರ್ಟ್ಸ್ ಕಾರಿಗೆ ವಿಂಟರ್ ಟೈರು ಮತ್ತು ವೀಲ್ ಆರಿಸಿದ್ವಿ. ಇದು ಆಟಕ್ಕೆ ಮಾಡಿದ್ದಲ್ಲ. ಆ ಕಾರನ್ನು ಓಡಿಸೋದು ನಮ್ಮಲ್ಲೊಬ್ಬನ ಸ್ವಂತ ಅಕ್ಕ.

ಅಕ್ಕ ಅಲ್ಲಿ ಎಂ.ಎಸ್. ಮುಗಿಸಿ ಈಗ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ಮನೆ ಇರೋದು ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕಿರುವ ರಾಯ್ಟ್‌ಲಿಂಗೆನ್ ಊರಲ್ಲಿ, ಕೆಲಸ ಎಂಗ್‌ಸ್ಟಿಂಗೆನ್‌ನಲ್ಲಿ. ನಡುವೆ ಇರೋದು ಶ್ವೇಬಿಷ್ ಆಲ್ಬ್ ಅನ್ನೋ ಬೆಟ್ಟಸಾಲಿನ ಅಂಚು. ಕೆಳಗೆ ನಾನೂರು ಮೀಟರಿಗೂ ಕಡಿಮೆ ಎತ್ತರ, ಮೇಲೆ ಏಳುನೂರರ ಆಸುಪಾಸು. ಬಿ 312 ಅನ್ನೋ ಹೆದ್ದಾರಿ ಹೊನಾವ್ ಹಳ್ಳಿ ದಾಟಿದ ಮೇಲೆ ತಿರುವುಗಳಲ್ಲಿ ಒಂದೇ ಸಮನೆ ಏರುತ್ತೆ. ಅದಕ್ಕೆ ಅಲ್ಲಿನವರು ಹೊನಾವರ್ ಸ್ಟೈಗೆ ಅಂತಾರೆ. ಸ್ಟೈಗೆ ಅಂದ್ರೆ ನಮ್ಮ ಮಾತಲ್ಲಿ ಘಾಟಿ. ಕೆಳಗೆ ಬರೀ ಮಳೆ ಹನಿಯುವಾಗ ಮೇಲೆ ಹಿಮ ಬೀಳ್ತಿರುತ್ತಂತೆ. ಅಕ್ಕನ ಶಿಫ್ಟ್ ಬೆಳಗ್ಗೆ ಆರಕ್ಕೆ. ಆ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವ ಬಸ್ಸು ಅವಳಿಗೆ ಸಿಗಲ್ಲ.

ಆಗಸ್ಟ್‌ನಲ್ಲಿ ಅವಳು ಸೆಕೆಂಡ್ ಹ್ಯಾಂಡ್ ಟೊಯೋಟಾ ಜಿಟಿ 86 ತಗೊಂಡಳು, 2016ರ ಮಾಡೆಲ್. ಎರಡು ಡೋರು, ಮುಂದೆ 2 ಲೀಟರಿನ ಬಾಕ್ಸರ್ ಎಂಜಿನ್, 200 ಎಚ್‌ಪಿ, ಎಳೆಯೋದು ಹಿಂದಿನ ಚಕ್ರ. ಟೊಯೋಟಾ ಮತ್ತು ಸುಬಾರು ಸೇರಿ ಮಾಡಿದ ಕಾರಿದು. ನಮ್ಮ ದೇಶದಲ್ಲಿ ಮಾರಾಟಕ್ಕೇ ಬರಲಿಲ್ಲ, ಹಾಗಾಗಿ ನಮಗೆ ಪರಿಚಯ ಇದ್ದಿದ್ದು ಗೇಮ್‌ಗಳಲ್ಲಿ ಮಾತ್ರ. ಹಳೇ ಮಾಲೀಕರು ಅದಕ್ಕೆ 18 ಇಂಚಿನ ಹೊಳೆಯೋ ಡೈಮಂಡ್ ಕಟ್ ಅಲಾಯ್ ಹಾಕಿಸಿದ್ರು, ಮೇಲೆ 225/40 ಆರ್ 18 ಸಮ್ಮರ್ ಟೈರು. ಫೋಟೋ ಬಂದ ದಿನ ಮೂವರ ಫೋನಿನ ವಾಲ್‌ಪೇಪರೂ ಅದೇ ಆಯ್ತು.

ಸೆಪ್ಟೆಂಬರ್‌ನಲ್ಲಿ ಅಕ್ಕ ಕಾಲ್ ಮಾಡಿ, “ಮೂರು ಜನ ಮೆಕ್ಯಾನಿಕಲ್ ಓದ್ತಿದ್ದೀರಲ್ಲ, ರೀಲ್ಸ್ ನೋಡೋದು ಬಿಟ್ಟು ಇದನ್ನ ಲೆಕ್ಕ ಹಾಕಿ ಕೊಡ್ರೋ” ಅಂದಳು. ಅವಳಿಗೆ ಓವರ್‌ಟೈಮ್, ಟೈಮಿಲ್ಲ. ದುಡ್ಡಂತೂ ಇಲ್ಲವೇ ಇಲ್ಲ. ಎಜುಕೇಶನ್ ಲೋನ್ ಇನ್ನೂ ಅರ್ಧ ಬಾಕಿ ಇದೆ, ಪ್ರತಿ ತಿಂಗಳು ಊರಿನ ಬ್ಯಾಂಕಿಗೆ ಇಎಂಐ ಕಳಿಸಬೇಕು. ಅವಳಿಗೇ ಒಂದು ಐಡಿಯಾ ಇತ್ತು. “ಹಿಂದಿನ ಚಕ್ರ ತಾನೇ ಎಳೆಯೋದು, ಹಿಂದೆ ಎರಡಕ್ಕೆ ಮಾತ್ರ ವಿಂಟರ್ ಟೈರು ಹಾಕಿದ್ರೆ ಸಾಲಲ್ವಾ?”

ಇದಕ್ಕೆ ಉತ್ತರ ಹುಡುಕುವ ಮೊದಲೇ ಅವರಪ್ಪನ ಫೋನ್ ಬಂತು. ಅಂಕಲ್ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದವರು. ವರ್ಷಗಟ್ಟಲೆ ಚಿಕ್ಕಮಗಳೂರಿಂದ ಮಂಗಳೂರಿಗೆ, ಚಾರ್ಮಾಡಿ ಘಾಟಿ ಇಳಿಸಿ ಹತ್ತಿಸಿದ ಕೈ. ಮಗಳು ಕಾರು ತಗೊಂಡಿದ್ದಕ್ಕೆ ಖುಷಿ ಇತ್ತು, ಹಿಮದಲ್ಲಿ ಓಡಿಸ್ತಾಳೆ ಅಂದಾಗ ನಿದ್ದೆ ಹೋಗಿತ್ತು. ನಾವು ಟಾರ್ಕು, ಡಿಫರೆನ್ಷಿಯಲ್ಲು ಅಂತೆಲ್ಲಾ ಶುರು ಮಾಡಿದ್ವಿ. ಅವರು ಒಂದು ನಿಮಿಷ ಕೇಳಿ, “ಹತ್ತೋದು ಬಿಡ್ರಪ್ಪ, ಹೆಂಗೋ ಹತ್ತುತ್ತೆ. ಹತ್ತದಿದ್ರೆ ಅಲ್ಲೇ ನಿಂತಿರುತ್ತೆ, ಪ್ರಾಣ ಹೋಗಲ್ಲ. ಇಳಿವಾಗ ನಿಲ್ಲುತ್ತಾ? ಅದೊಂದು ಹೇಳಿ” ಅಂದ್ರು.

ನಮ್ಮ ಎಕ್ಸೆಲ್ ಶೀಟಿನ ಮೊದಲ ಸಾಲು ಅದೇ ಆಯ್ತು: ನಿಲ್ಲುತ್ತಾ?

ಫಸ್ಟ್ ಇಯರ್ ಫಿಸಿಕ್ಸ್ ಸಾಕು ಇದಕ್ಕೆ. ಬ್ರೇಕ್ ಹಿಡಿದ ಮೇಲೆ ಕಾರು ಓಡುವ ದೂರ ಅಂದ್ರೆ ವೇಗದ ವರ್ಗವನ್ನು 2 ಮ್ಯೂ ಜಿ ಇಂದ ಭಾಗಿಸಿದ್ದು. ವೇಗ ಗಂಟೆಗೆ 50 ಕಿ.ಮೀ. ಅಂತ ಇಟ್ಟುಕೊಳ್ಳಿ. ಒಣ ರಸ್ತೆಗೆ ಮ್ಯೂ 0.8 ಹಾಕಿದ್ರೆ 12 ಮೀಟರ್. ಗಟ್ಟಿಯಾದ ಹಿಮಕ್ಕೆ 0.3 ಹಾಕಿದ್ರೆ 33 ಮೀಟರ್. ಮಂಜುಗಡ್ಡೆಗೆ 0.1 ಹಾಕಿದ್ರೆ 98 ಮೀಟರ್. ಇದರಲ್ಲಿ ನಮ್ಮ ಕಾಲು ಬ್ರೇಕಿಗೆ ಹೋಗುವ ಸಮಯ ಸೇರಿಲ್ಲ. ಸೂತ್ರದಲ್ಲಿ ಎಚ್‌ಪಿ ಎಲ್ಲೂ ಇಲ್ಲ, ಕಾರಿನ ತೂಕವೂ ಇಲ್ಲ. ಎಬಿಎಸ್ ಇರಲಿ, ಸ್ಟೆಬಿಲಿಟಿ ಕಂಟ್ರೋಲ್ ಇರಲಿ, ಇರುವ ಹಿಡಿತವನ್ನು ಅವು ಜಾಣತನದಿಂದ ಬಳಸುತ್ತವೆಯೇ ಹೊರತು ಹೊಸ ಹಿಡಿತ ಹುಟ್ಟಿಸಲ್ಲ. ಫೋರ್ ವೀಲ್ ಡ್ರೈವ್ ಕೂಡ ಹೊರಡೋದಕ್ಕೆ ಸಹಾಯ ಮಾಡುತ್ತೆ, ನಿಲ್ಲೋದಕ್ಕೆ ಅಲ್ಲ. ಕೊನೆಗೆ ಉಳಿಯೋದು ಆ ಮ್ಯೂ ಒಂದೇ, ಅದನ್ನು ತರೋದು ಟೈರು.

ಇನ್ನೊಂದು ಲೆಕ್ಕ ನಮಗೆ ತುಂಬಾ ಹಿಡಿಸಿತು. ಕಾರಿನ ತೂಕ ಸುಮಾರು 1,250 ಕೆ.ಜಿ. ನಾಲ್ಕು ಚಕ್ರಕ್ಕೆ ಹಂಚಿದ್ರೆ ತಲಾ 312. ಟೈರಿನ ಒತ್ತಡ 2.3 ಬಾರ್. ಬಲವನ್ನು ಒತ್ತಡದಿಂದ ಭಾಗಿಸಿದ್ರೆ ನೆಲ ಮುಟ್ಟುವ ಜಾಗ ಅಂದಾಜು 133 ಚದರ ಸೆಂಟಿಮೀಟರ್. ಅಂದ್ರೆ ನಮ್ಮ ಅಂಚೆ ಕಾರ್ಡಿಗಿಂತ ಒಂಚೂರು ದೊಡ್ಡದು. ಅಕ್ಕ ಘಾಟಿ ಇಳಿಯೋದು ನಾಲ್ಕು ಅಂಚೆ ಕಾರ್ಡಿನ ಮೇಲೆ.

ಆ ನಾಲ್ಕು ಕಾರ್ಡು ಯಾವ ರಬ್ಬರಿಂದು ಅನ್ನೋದು ಮುಂದಿನ ಪ್ರಶ್ನೆ. ಮಟೀರಿಯಲ್ ಸೈನ್ಸ್‌ನಲ್ಲಿ ಗ್ಲಾಸ್ ಟ್ರಾನ್ಸಿಷನ್ ಟೆಂಪರೇಚರ್ ಅಂತ ಎರಡು ಮಾರ್ಕ್ಸಿಗೆ ಬರೆದಿದ್ವಲ್ಲ, ಅದೇ ಇಲ್ಲಿ ಕೆಲಸಕ್ಕೆ ಬಂತು. ರಬ್ಬರ್ ತಣ್ಣಗಾಗ್ತಾ ಹೋದ ಹಾಗೆ ಅದರ ಉದ್ದನೆಯ ಕೊಂಡಿಗಳ ಓಡಾಟ ನಿಧಾನ ಆಗುತ್ತೆ, ಬಿಗಿಯಾಗುತ್ತೆ, ಕೊನೆಗೆ ಗಾಜಿನ ಥರ ಪೆಡಸು. 1986ರ ಜನವರಿಯಲ್ಲಿ ಚಾಲೆಂಜರ್ ನೌಕೆ ಏಳು ಜನರನ್ನು ಬಲಿ ತಗೊಂಡಿದ್ದು ಇದೇ ಗುಣದಿಂದ. ಚಳಿಯಲ್ಲಿ ಒ ರಿಂಗ್ ಬೇಗ ತನ್ನ ಆಕಾರಕ್ಕೆ ಮರಳಲಿಲ್ಲ. ರಿಚರ್ಡ್ ಫೈನ್‌ಮನ್ ಆ ರಬ್ಬರಿನ ಚೂರನ್ನು ಕ್ಲಾಂಪಿನಲ್ಲಿ ಹಿಡಿದು, ಐಸ್ ನೀರಿನ ಲೋಟದಲ್ಲಿ ಅದ್ದಿ ವಿಚಾರಣೆಯಲ್ಲೇ ತೋರಿಸಿದ್ರು. ಸಮ್ಮರ್ ಟೈರು ಒ ರಿಂಗ್ ಅಲ್ಲ, ಆದ್ರೆ ಕಷ್ಟ ಒಂದೇ ಜಾತಿಯದು. ರಸ್ತೆಯ ಸಣ್ಣ ಉಬ್ಬುತಗ್ಗಿನ ಒಳಗೆ ಇಳಿದು ಹಿಡಿಯಬೇಕಾದ ರಬ್ಬರ್ ಬಿಗಿದುಕೊಂಡು ಮೇಲೆಯೇ ಜಾರುತ್ತೆ. ವಿಂಟರ್ ಟೈರಿನ ಮಿಶ್ರಣವನ್ನು ಚಳಿಯಲ್ಲೂ ಮೆತ್ತಗಿರೋ ಹಾಗೆ ಮಾಡಿರ್ತಾರೆ.

ಅಲ್ಲಿ 7 ಡಿಗ್ರಿ ಅನ್ನೋ ಒಂದು ಮಾತಿದೆ. ಉಷ್ಣಾಂಶ ಅದಕ್ಕಿಂತ ಇಳಿದ್ರೆ ಟೈರು ಬದಲಾಯಿಸಿ ಅಂತ. ಅದು ಮಂತ್ರಸಂಖ್ಯೆ ಏನಲ್ಲ. ಒಣ ರಸ್ತೆಯಲ್ಲಿ 5 ಡಿಗ್ರಿಯಲ್ಲೂ ಒಳ್ಳೆ ಸಮ್ಮರ್ ಟೈರು ಚೆನ್ನಾಗಿಯೇ ಬ್ರೇಕ್ ಹಾಕಬಹುದು. ಆದ್ರೆ ಹಿಮದ ಮೇಲೆ ಆಟವೇ ಬೇರೆ, ನಿಲ್ಲೋ ದೂರ ಎರಡು ಪಟ್ಟಿನ ಹತ್ತಿರ ಹೋಗುತ್ತೆ. ಅಲ್ಲಿ ರಬ್ಬರಿನ ಜೊತೆ ಗೀರುಗಳೂ ಕೆಲಸ ಮಾಡ್ತವೆ. ವಿಂಟರ್ ಟೈರಿನ ಪ್ರತಿ ಬ್ಲಾಕಿನ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಅಂಕುಡೊಂಕು ಸೀಳುಗಳಿರ್ತವೆ, ಸೈಪ್ ಅಂತಾರೆ. ಚಕ್ರ ಉರುಳುವಾಗ ಅವು ಬಾಯಿ ತೆರೆದು ಹಿಮ ಕಚ್ಚಿಕೊಳ್ತವೆ. ದೊಡ್ಡ ಗಾಡಿಗಳಲ್ಲಿ ಅಂದ್ರೆ ಅಗಲವಾದ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತೆ, ಮತ್ತು ಅದು ತುಂಬಿಕೊಳ್ಳಬೇಕು ಕೂಡ. ಯಾಕಂದ್ರೆ ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟೋದು, ಎರಡು ಹಿಮದುಂಡೆ ಒತ್ತಿದ್ರೆ ಒಂದಾಗುವ ಹಾಗೆ. ಕೆಸರಲ್ಲಿ ಓಡಾಡೋ ನಮಗೆ ಇದು ಉಲ್ಟಾ ಅನಿಸಿತು. ನಮ್ಮಲ್ಲಿ ಟೈರಿನ ಸಂದಿಗೆ ಮಣ್ಣು ತುಂಬಿದ್ರೆ ಕಥೆ ಮುಗೀತು.

ವಿಂಟರ್ ಟೈರಲ್ಲೂ ಎರಡು ಬಗೆ. ಫಿನ್‌ಲ್ಯಾಂಡ್, ಸ್ವೀಡನ್ ಕಡೆಗೆ ಮಾಡಿದ್ದು ತೀರಾ ಮೆತ್ತಗೆ, ಗಟ್ಟಿ ಮಂಜುಗಡ್ಡೆಗೆ ಒಳ್ಳೇದು. 1934ರಲ್ಲಿ ಮೊದಲ ವಿಂಟರ್ ಟೈರು ಬಂದಿದ್ದೂ ಫಿನ್‌ಲ್ಯಾಂಡಿನಿಂದಲೇ, ಈಗಿನ ನೋಕಿಯನ್ ಕಂಪನಿಯದು. ಇನ್ನೊಂದು ಮಧ್ಯ ಯುರೋಪಿಗೆ ಮಾಡಿದ್ದು. ಅಲ್ಲಿ ಚಳಿಗಾಲದ ಬಹುಪಾಲು ದಿನ ರಸ್ತೆ ಬರೀ ಒದ್ದೆ, ನಡುವೆ ಕೆಲವು ದಿನ ಹಿಮ, ಜೊತೆಗೆ ಹೆದ್ದಾರಿ ವೇಗ. ಅಕ್ಕನ ದಾರಿ ಎರಡನೇ ಬಗೆಯದು. ಮೊಳೆ ಟೈರಿಗೆ ಜರ್ಮನಿಯ ಸಾಮಾನ್ಯ ರಸ್ತೆಗಳಲ್ಲಿ ಅನುಮತಿಯೇ ಇಲ್ಲ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು, ಈ ಚಿತ್ರ ಇರಲೇಬೇಕು. ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಅದು ಸಿಗೋದು. ಬರೀ ಎಂ+ಎಸ್ ಅಂತ ಬರೆದಿದ್ರೆ ಅದು ಕಂಪನಿ ತಾನೇ ಹೇಳಿಕೊಂಡಿದ್ದು, ಈಗ ಅಲ್ಲಿ ಕಾನೂನಿಗೆ ಸಾಲಲ್ಲ. ಜರ್ಮನಿಯಲ್ಲಿ ಇಂಥ ತಾರೀಖಿನಿಂದ ಹಾಕಿ ಅನ್ನೋ ಕಾನೂನಿಲ್ಲ. ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ರೆ ಟೈರು ಇರಬೇಕು, ಇಲ್ಲದಿದ್ರೆ 60 ಯೂರೋ ದಂಡ, ಲೈಸೆನ್ಸಿಗೆ ಒಂದು ಪಾಯಿಂಟು. ಜನ ಮಾತ್ರ ಸುಲಭಕ್ಕೆ “ಓ ಇಂದ ಓ ತನಕ” ಅಂತಾರೆ, ಅಕ್ಟೋಬರಿಂದ ಓಸ್ಟರ್ನ್ ತನಕ. ಓಸ್ಟರ್ನ್ ಅಂದ್ರೆ ಈಸ್ಟರ್.

ಇಷ್ಟಾದ ಮೇಲೆ ಅಕ್ಕನ ಎರಡು ಟೈರಿನ ಐಡಿಯಾಗೆ ಉತ್ತರ ಕೊಡಬಹುದಿತ್ತು. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬಾಗುತ್ತೆ, ಹೆಚ್ಚು ಕೆಲಸ ಮಾಡೋದು ಮುಂದಿನ ಚಕ್ರ. ತಿರುಗಿಸೋದೂ ಅದೇ. ಹಿಂದೆ ಮಾತ್ರ ಒಳ್ಳೆ ಟೈರು ಹಾಕಿದ್ರೆ ಕಾರು ಘಾಟಿ ಹತ್ತಿಬಿಡುತ್ತೆ, ಆಮೇಲೆ ಇಳಿಯುವ ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ್ರೂ ಮೂತಿ ನೇರ ಹೋಗುತ್ತೆ. ಅಂದ್ರೆ ಅಪಾಯದ ಜಾಗದ ತನಕ ಆರಾಮಾಗಿ ಕರಕೊಂಡು ಹೋಗಿ ಅಲ್ಲಿ ಕೈಬಿಡುತ್ತೆ. ಮುಂದೆ ಮಾತ್ರ ಹಾಕಿದ್ರೆ ಬಾಲ ತಿರುಗುತ್ತೆ. ಹಾಗಾಗಿ ನಾಲ್ಕೂ ಬೇಕು, ನಾಲ್ಕೂ ಒಂದೇ ಜಾತಿ ಬೇಕು. ಇದನ್ನು ಹೇಳುವಾಗ ನಮಗೆ ಕಷ್ಟ ಆಯ್ತು. ಅವಳು ಉಳಿಸಲು ಹೊರಟಿದ್ದು ಇಎಂಐ ದುಡ್ಡು, ಅದು ನಮಗೂ ಗೊತ್ತಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಹಾಗಾದ್ರೆ ನಾಲ್ಕನ್ನೂ ಆದಷ್ಟು ಕಡಿಮೆಗೆ ಮಾಡಿಕೊಡಿ” ಅಂದಳು.

ಆಗ ಶುರುವಾಗಿದ್ದು ಸೈಜಿನ ಜಗಳ. ದಾರಿ ಮೂರಿತ್ತು. ಒಂದು, ಇರುವ 18 ಇಂಚಿನ ವೀಲಿಗೇ 225/40 ವಿಂಟರ್ ಟೈರು. ಎರಡು, ಕಂಪನಿಯೇ ಕೊಡುತ್ತಿದ್ದ 17 ಇಂಚಿನ ಸೈಜು, 215/45. ಮೂರು, 16 ಇಂಚಿಗೆ ಇಳಿದು 205/55. ಆಲ್ ಸೀಸನ್ ಟೈರನ್ನೂ ನೋಡಿದ್ವಿ. ಕೆಳಗಿನ ಊರಲ್ಲೇ ಓಡಾಡೋರಿಗೆ ಅದು ಸಾಕು, ದಿನಾ ಬೆಳಗಿನ ಜಾವ ಘಾಟಿಗೆ ಬೇಡ ಅಂತ ಬಿಟ್ವಿ.

ನಮ್ಮ ಬೆಂಗಳೂರಿನವನು 18 ಇಂಚಿನ ಪಕ್ಷ. “ಸ್ಪೋರ್ಟ್ಸ್ ಕಾರಿಗೆ ಆಲ್ಟೋ ಚಕ್ರ ಹಾಕ್ತೀರೇನೋ, ಮರ್ಯಾದೆ ಇದೆಯಾ?” ಅಂತ ಒಂದು ರಾತ್ರಿ ಪೂರ್ತಿ ವಾದ ಮಾಡಿದ. ಅವನ ಮಾತಲ್ಲೂ ವಿಷಯ ಇತ್ತು. ಅಗಲ ಕಡಿಮೆಯಾದ್ರೆ ಒಣ ರಸ್ತೆಯ ತಿರುವಲ್ಲಿ ಬಿಗಿ ಕಡಿಮೆ, ಗೋಡೆ ಎತ್ತರವಾದ್ರೆ ಸ್ಟೀರಿಂಗ್ ಸ್ವಲ್ಪ ಸೋಮಾರಿ. ನಿಜವೇ. ಆದ್ರೆ ನಾವು ಆರಿಸ್ತಾ ಇದ್ದಿದ್ದು ಜನವರಿಗೆ.

ಅಗಲ ಕಡಿಮೆ ಇದ್ರೆ ನೆಲ ಮುಟ್ಟುವ ಜಾಗ ಕಡಿಮೆಯಾಗಲ್ಲ. ಅದನ್ನು ಹೆಚ್ಚುಕಮ್ಮಿ ತೂಕ ಮತ್ತು ಗಾಳಿಯ ಒತ್ತಡವೇ ನಿರ್ಧರಿಸೋದು. ಬದಲಾಗೋದು ಆಕಾರ. ಅಗಲ ಟೈರಿನ ಅಂಚೆ ಕಾರ್ಡು ಅಡ್ಡಕ್ಕೆ ಮಲಗಿರುತ್ತೆ, ಕಿರಿದಾದ ಟೈರಿಂದು ಉದ್ದಕ್ಕೆ. ಅರ್ಧ ಕರಗಿದ ಹಿಮದ ರಾಡಿಯಲ್ಲಿ ಅಗಲ ಟೈರು ದೋಣಿ ಥರ ಮೇಲೇಳುತ್ತೆ, ಕಿರಿದಾದದ್ದು ಸೀಳಿಕೊಂಡು ಕೆಳಗಿಳಿಯುತ್ತೆ. ಬರೀ ಮಂಜುಗಡ್ಡೆಯ ಮೇಲೆ ಇದರಿಂದ ದೊಡ್ಡ ಲಾಭ ಇಲ್ಲ, ಆದ್ರೆ ಅಕ್ಕನ ರಸ್ತೆಯಲ್ಲಿ ಉಪ್ಪು ಹಾಕಿದ ರಾಡಿಯೇ ಜಾಸ್ತಿ. ಇನ್ನೊಂದು ವಿಷಯ ಗೋಡೆಯ ಎತ್ತರ. 225/40ರ ಗೋಡೆ 90 ಮಿ.ಮೀ., 205/55ರದ್ದು 113. ಹಿಮದಡಿ ಗುಂಡಿ ಕಾಣಲ್ಲ. ಆ 23 ಮಿ.ಮೀ. ರಬ್ಬರ್ ವೀಲನ್ನು ಕಾಯುತ್ತೆ.

ಹೊರಗಿನ ವ್ಯಾಸವನ್ನೂ ನೋಡಬೇಕು, ಇಲ್ಲಾಂದ್ರೆ ಸ್ಪೀಡೋಮೀಟರಿಂದ ಹಿಡಿದು ಎಬಿಎಸ್ ತನಕ ಲೆಕ್ಕ ತಪ್ಪುತ್ತೆ. 215/45 ಆರ್ 17ರ ವ್ಯಾಸ 625 ಮಿ.ಮೀ., 205/55 ಆರ್ 16ರದ್ದು 632. ವ್ಯತ್ಯಾಸ ಶೇಕಡಾ 1. ಹಳೇ ಮಾಲೀಕರ 18 ಇಂಚಿಂದು 637, ಶೇಕಡಾ 2ರ ಹತ್ತಿರ. ಅಂದ್ರೆ ಮೂಲಕ್ಕೆ ಹತ್ತಿರ ಇರೋದು 16 ಇಂಚಿನದೇ. ಬೆಂಗಳೂರಿನವನ ಬಾಯಿ ಮುಚ್ಚಿಸಿದ್ದು ಮಾತ್ರ ಬೇರೆ ಎರಡು ಸಂಗತಿ. ಜಪಾನಿನಲ್ಲಿ ಈ ಕಾರಿನ ಅಗ್ಗದ ಮಾಡೆಲ್ ಇದೇ 205/55 ಆರ್ 16 ಟೈರಲ್ಲಿ ಬರ್ತಿತ್ತು. 17 ಇಂಚಿನಲ್ಲಿ ಕಂಪನಿ ಹಾಕುತ್ತಿದ್ದ ಮಿಶೆಲಿನ್ ಟೈರು ಮೈಲೇಜಿಗೆ ಹೆಸರಾದ ಪ್ರಿಯಸ್ ಕಾರಲ್ಲೂ ಬರ್ತಿದ್ದ ಜಾತಿಯದು. ಹಿಡಿತ ಮಿತವಾಗಿದ್ರೆ ಕಾರು ಕಡಿಮೆ ವೇಗದಲ್ಲೇ ಮಜಾ ಕೊಡುತ್ತೆ ಅನ್ನೋದು ಅದನ್ನು ಮಾಡಿದವರ ಯೋಚನೆ. ಕಾರಿಗೇ ಇಲ್ಲದ ಜಂಬ ನಮಗ್ಯಾಕೆ?

205/55 ಆರ್ 16 ಇನ್ನೊಂದು ಕಾರಣಕ್ಕೂ ಗೆದ್ದಿತು. ಗಾಲ್ಫ್ ಥರದ ಸಾಮಾನ್ಯ ಕಾರುಗಳಿಗೆ ದಶಕಗಳಿಂದ ಹಾಕುವ ಸೈಜು ಅದು. ಎಲ್ಲಾ ಕಂಪನಿಗಳೂ ಮಾಡ್ತವೆ, ಬೆಲೆ ಕಡಿಮೆ, ಎಡಿಎಸಿ ಅನ್ನೋ ಅಲ್ಲಿನ ವಾಹನ ಮಾಲೀಕರ ಸಂಘ ಪ್ರತಿ ವರ್ಷ ನಡೆಸುವ ಟೈರ್ ಟೆಸ್ಟ್‌ಗಳಲ್ಲಿ ಈ ಥರದ ಸೈಜಿನ ಬಗ್ಗೆ ಬೇಕಾದಷ್ಟು ಸಿಗುತ್ತೆ. ಹಿಮ ನೋಡದ ನಮಗೆ ಆಧಾರ ಬೇಕಿದ್ದದ್ದು ಅಂಥ ಅಂಕಿಅಂಶವೇ.

ಟೈರು ಸುಲಭ, ವೀಲ್ ಕಷ್ಟ. ಬೋಲ್ಟುಗಳ ಲೆಕ್ಕ 5×100, ಅಂದ್ರೆ 100 ಮಿ.ಮೀ. ವೃತ್ತದ ಮೇಲೆ ಐದು. ಹಬ್ಬಿನ ವ್ಯಾಸ 56.1 ಮಿ.ಮೀ. ಹಳೇ ಫೋಕ್ಸ್‌ವಾಗನ್ ವೀಲ್‌ಗಳೂ 5×100, ಅಗ್ಗಕ್ಕೆ ಸಿಗ್ತವೆ, ಆದ್ರೆ ಅವುಗಳ ನಡುವಿನ ತೂತು 57.1. ಆ ಒಂದು ಮಿ.ಮೀ. ಜಾಗ ತುಂಬೋ ರಿಂಗ್ ಹಾಕದಿದ್ರೆ ವೀಲ್ ಸರಿಯಾಗಿ ನಡುವೆ ಕೂರದೆ ಸ್ಟೀರಿಂಗ್ ನಡುಗಬಹುದು. ಆಮೇಲೆ ಇಟಿ, ಐನ್‌ಪ್ರೆಸ್‌ಟೀಫೆ ಅನ್ನೋ ಜರ್ಮನ್ ಪದದ ಚುಟುಕು. ವೀಲಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಅನ್ನೋ ಅಳತೆ. ಕಂಪನಿಯ 17 ಇಂಚಿಂದು ಇಟಿ 48. ಅಂಕಿ ಕಡಿಮೆಯಾದ್ರೆ ಚಕ್ರ ಹೊರಗೆ ಬರುತ್ತೆ, ಹೆಚ್ಚಾದ್ರೆ ಒಳಗೆ ಸಸ್ಪೆನ್ಷನ್ ಕಡೆ ಹೋಗುತ್ತೆ. 16 ಇಂಚಿನ ಒಳಗೆ ಬ್ರೇಕ್ ಕ್ಯಾಲಿಪರ್ ಕೂರಬೇಕು. ಅಕ್ಕನದು ಮಾಮೂಲಿ ಬ್ರೇಕು, ಹಾಗಾಗಿ ಕೂರುತ್ತೆ. ದೊಡ್ಡ ಬ್ರೆಂಬೋ ಬ್ರೇಕಿದ್ದಿದ್ರೆ 17ಕ್ಕಿಂತ ಕೆಳಗೆ ಇಳಿಯೋ ಹಾಗಿರಲಿಲ್ಲ.

ಇದೆಲ್ಲಾ ಕೂತ ಮೇಲೂ ಕಾಗದ ಬೇಕು. ಇಂಥ ವೀಲು ಇಂಥ ಕಾರಿಗೆ ಆಗುತ್ತೆ ಅನ್ನೋ ಎಬಿಇ ಪತ್ರ ಇಲ್ಲದಿದ್ರೆ ಟ್ಯೂಫ್‌ನಂಥ ಸಂಸ್ಥೆಯಲ್ಲಿ ತೋರಿಸಿ ನೋಂದಾಯಿಸಬೇಕು. ಇಲ್ಲದಿದ್ರೆ ಕಾರು ರಸ್ತೆಗಿಳಿಯುವ ಪರವಾನಗಿಯೇ ಹೋಗಬಹುದು. ನಮ್ಮೂರಲ್ಲಿ ಬುಲೆಟ್ಟಿಗೆ ಏನು ಬೇಕಾದ್ರೂ ಸಿಕ್ಕಿಸಿ ಓಡಿಸೋರನ್ನು ನೆನೆಸಿಕೊಂಡು ನಕ್ಕಿದ್ವಿ. ಉಪ್ಪಿನ ವಿಷಯವೂ ಇದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರೀತಾರೆ, ಡೈಮಂಡ್ ಕಟ್ ವೀಲಿನ ಹೊಳಪಿನ ಪದರದಲ್ಲಿ ಒಂದು ಕಲ್ಲೇಟು ಬಿದ್ರೆ ಉಪ್ಪು ಒಳಗೆ ಹೊಕ್ಕು ಹುಳ ಹರಿದ ಹಾಗೆ ಬಿಳಿ ಗೆರೆ ಮೂಡುತ್ತೆ. ವಾಲ್‌ಪೇಪರಿನ ವೀಲನ್ನು ಉಪ್ಪಿಗೆ ಕೊಡೋದು ಬೇಡ ಅಂತ ಬೆಂಗಳೂರಿನವನೂ ಒಪ್ಪಿದ. ಪೂರ್ತಿ ಪೇಂಟ್ ಹೊಡೆದ ಬೂದು ಬಣ್ಣದ ಸಾದಾ ಅಲಾಯ್ ಆರಿಸಿದ್ವಿ.

ಈಗ ದುಡ್ಡು. ಅಕ್ಕನಿಗೆ ಸಿಕ್ಕ ರೇಟಿನ ಪ್ರಕಾರ 16 ಇಂಚಿನ ಟೈರು ನಾಲ್ಕಕ್ಕೆ 420 ಯೂರೋ, ವೀಲ್ 380, ಗಾಳಿಯ ಒತ್ತಡ ಅಳೆಯೋ ಸೆನ್ಸರ್ 160, ಕೂರಿಸಿ ಬ್ಯಾಲೆನ್ಸ್ ಮಾಡಲು 60. ಒಟ್ಟು 1,020. ಇರುವ 18 ಇಂಚಿಗೇ ಟೈರು ತಗೊಂಡ್ರೆ 540 ಯೂರೋ ಅಷ್ಟೇ, ನೋಡಲು ಅರ್ಧ. ಆದ್ರೆ ವರ್ಷಕ್ಕೆರಡು ಸಲ ಟೈರನ್ನು ವೀಲಿಂದ ಬಿಚ್ಚಿ ಇನ್ನೊಂದು ಹಾಕಬೇಕು, ಪ್ರತಿ ಸಲ 100 ಯೂರೋ. ನಾಲ್ಕು ವರ್ಷಕ್ಕೆ 1,340. ಬೇರೆ ವೀಲ್ ಸೆಟ್ ಇದ್ರೆ ಬರೀ ನಟ್ ಬಿಚ್ಚಿ ಹಾಕೋದು, ಸಲಕ್ಕೆ 30. ಮೊದಲ ಸಲದ್ದು ಬಿಲ್ಲಲ್ಲೇ ಸೇರಿರೋದ್ರಿಂದ ಉಳಿದ ಏಳಕ್ಕೆ 210, ಒಟ್ಟು 1,230. ಉಳಿತಾಯ ದೊಡ್ಡದಲ್ಲ, ಆದ್ರೆ ಒಳ್ಳೆ ವೀಲ್ ಉಳೀತು, ಟೈರಿನ ಅಂಚು ಪದೇ ಪದೇ ಎಳೆಸಿಕೊಳ್ಳೋದು ತಪ್ಪಿತು. ಆದ್ರೂ ಆ 1,020 ಒಂದೇ ಸಲ ಹೋಗಬೇಕಲ್ಲ. ಅದು ಅವಳ ಎರಡೂವರೆ ತಿಂಗಳ ಇಎಂಐ. ಅವಳು ಡಿಸೆಂಬರಿನಲ್ಲಿ ಊರಿಗೆ ಬರೋ ಟಿಕೆಟ್ ಮುಂದಕ್ಕೆ ಹಾಕಿದಳು. ನಮ್ಮ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಮಗಳು ಬರಲ್ಲ ಅಂತ ಗೊತ್ತಾದ ಮೇಲೂ ಅಂಕಲ್ ಹೇಳಿದ್ದು, “ಟೈರ್ ಹಾಕಿಸಲಿ, ಬರೋದು ಯುಗಾದಿಗೂ ಆಗುತ್ತೆ.”

ಬ್ರ್ಯಾಂಡ್ ವಿಷಯದಲ್ಲಿ ಅಂಕಲ್‌ಗೆ ಒಂದು ಸಮಾಧಾನ ಸಿಕ್ಕಿತು. ಅವರ ಕಾಲಕ್ಕೆ ಟೈರು ಅಂದ್ರೆ ಮೈಸೂರಿನ ವಿಕ್ರಾಂತ್, ಈಗ ಅದು ಜೆಕೆ ಕೈಯಲ್ಲಿದೆ. ಅಕ್ಕ ಕೊನೆಗೆ ತಗೊಂಡಿದ್ದು ವ್ರೆಡೆಸ್ಟೈನ್, ನೆದರ್‌ಲ್ಯಾಂಡ್ಸ್ ಮೂಲದ್ದು. 2009ರಲ್ಲಿ ಅದನ್ನು ಕೊಂಡಿದ್ದು ನಮ್ಮ ಅಪೋಲೋ ಟೈರ್ಸ್. “ಅಪೋಲೋನಾ? ಲಾರೀಲಿ ನೋಡಿದೀನಲ್ಲ” ಅಂತ ಅಂಕಲ್ ದನಿ ಸ್ವಲ್ಪ ಸಡಿಲ ಆಯ್ತು. ಟೈರಿನ ಮೇಲೆ 91ಎಚ್ ಅಂತ ಇದೆ. 91 ಅಂದ್ರೆ ಒಂದೊಂದು ಟೈರು 615 ಕೆ.ಜಿ. ಹೊರುತ್ತೆ, ಎಚ್ ಅಂದ್ರೆ ಗಂಟೆಗೆ 210 ಕಿ.ಮೀ. ತನಕ. ಈ ಕಾರಿನ ಗರಿಷ್ಠ ವೇಗ 226. ವಿಂಟರ್ ಟೈರಿಗೆ ಅಲ್ಲಿ ಈ ರಿಯಾಯಿತಿ ಇದೆ, ಆದ್ರೆ ಡ್ರೈವರ್ ಕಣ್ಣಿಗೆ ಬೀಳೋ ಹಾಗೆ 210 ಅಂತ ಸ್ಟಿಕ್ಕರ್ ಅಂಟಿಸಬೇಕು.

ಅಂಗಡಿಗೆ ಹೋಗುವ ಮುಂಚೆ ನಾವು ಒಂದು ಚೀಟಿ ಕಳಿಸಿದ್ವಿ. ಟೈರಿನ ಪಕ್ಕದ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ನೋಡು, ಮೊದಲೆರಡು ವಾರ, ಆಮೇಲೆರಡು ವರ್ಷ, ಹಳೇ ಸ್ಟಾಕ್ ಬೇಡ. ನಟ್ಟಿಗೆ 120 ನ್ಯೂಟನ್ ಮೀಟರ್, 50 ಕಿ.ಮೀ. ಓಡಿಸಿದ ಮೇಲೆ ಮತ್ತೆ ಚೆಕ್ ಮಾಡು. ಗಾಳಿಯನ್ನು ಚಳಿಯಲ್ಲೇ ಅಳೆ. 20 ಡಿಗ್ರಿಯಲ್ಲಿ 2.3 ಬಾರ್ ತುಂಬಿಸಿದ್ರೆ ಮೈನಸ್ 10ರಲ್ಲಿ ಅದು 1.96ಕ್ಕೆ ಇಳಿದಿರುತ್ತೆ, ಇದು ಥರ್ಮೋ ಪೇಪರಿನ ಮೊದಲ ಯೂನಿಟ್ಟಿನ ಲೆಕ್ಕ. ಕಾನೂನಿಗೆ 1.6 ಮಿ.ಮೀ. ಗೀರು ಸಾಕು, ನೀನು 4ಕ್ಕೆ ಇಳಿದ ಕೂಡಲೇ ಬದಲಾಯಿಸು. 18 ಇಂಚಿನ ಸೆಟ್ಟು ಈಗ ಟೈರ್ ಹೋಟೆಲ್‌ನಲ್ಲಿದೆ. ನಿಜವಾಗ್ಲೂ ಅದರ ಹೆಸರೇ ಹಾಗೆ, ರೈಫನ್‌ಹೋಟೆಲ್. ಸೀಸನ್ ಮುಗಿಯೋ ತನಕ ಅಲ್ಲೇ ಇರ್ತವೆ. ನಮ್ಮ ಹಾಸ್ಟೆಲ್ ರೂಮಿಗಿಂತ ಚೆನ್ನಾಗಿದೆ ಅಂತ ಅಕ್ಕ ಫೋಟೋ ಕಳಿಸಿದಳು.

ಡಿಸೆಂಬರಿನ ಒಂದು ಭಾನುವಾರ ಮೇಲೆ ಹಿಮ ಬಿತ್ತು. ಅಕ್ಕ ಖಾಲಿ ಪಾರ್ಕಿಂಗ್ ಜಾಗಕ್ಕೆ ಕಾರು ತಗೊಂಡು ಹೋಗಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, ಗಂಟೆಗೆ 30ರಲ್ಲಿ ಬ್ರೇಕ್ ಪೂರ್ತಿ ಒತ್ತಿದಳು. ಪೆಡಲ್ ಕಾಲಡಿ ಗಡಗಡ ಅಂತು, ಎಬಿಎಸ್. ಕಾರು ನೇರವಾಗಿ ನಿಂತಿತು. ಇಳಿದು ಚಕ್ರದ ಗುರುತಿನ ಪಕ್ಕ ಹೆಜ್ಜೆ ಹಾಕಿ ಅಳೆದು ಮೆಸೇಜ್ ಮಾಡಿದಳು: ಹದಿಮೂರು ಮೀಟರ್.

ನಾವು ಮೆಸ್ಸಿನಲ್ಲಿ ತಟ್ಟೆ ಪಕ್ಕಕ್ಕಿಟ್ಟು ಲೆಕ್ಕ ಹಾಕಿದ್ವಿ. 8.33ರ ವರ್ಗ 69.4, ಭಾಗಿಸು 2, ಭಾಗಿಸು 9.81, ಭಾಗಿಸು 13. ಬಂದಿದ್ದು 0.27. ಎಕ್ಸೆಲ್ ಶೀಟಿನಲ್ಲಿ 0.3 ಅಂತ ಸುಮ್ಮನೆ ಹಾಕಿಕೊಂಡಿದ್ದ ಅಂಕಿಯ ಪಕ್ಕದಲ್ಲೇ ಬಂದು ಕೂತಿತು. ಏಳು ಸಾವಿರ ಕಿ.ಮೀ. ಆಚೆ ಬಿದ್ದ ಹಿಮ ನಮಗೆ ಕಂಡಿದ್ದು ಹಾಗೆ, ಎರಡು ದಶಮಾಂಶದಲ್ಲಿ. ನೋಡಿಲ್ಲದ್ದನ್ನು ನಂಬಿಕೆಯಿಂದ ಇನ್ನೊಬ್ಬರಿಗೆ ಹೇಳೋದೇ ನಾವು ಓದ್ತಿರೋ ಈ ಕೋರ್ಸಿನ ಅರ್ಧ ಕೆಲಸ ಇರಬೇಕು. ಸೇತುವೆ ಕಟ್ಟುವವರೂ ಮುಂದೆ ಯಾವತ್ತೋ ಬರೋ ಪ್ರವಾಹಕ್ಕೆ ಲೆಕ್ಕ ಹಾಕ್ತಾರಲ್ಲ, ಹಾಗೆ. ವ್ಯತ್ಯಾಸ ಅಂದ್ರೆ ನಮಗೆ ಆ ಕಡೆ ಕೂತವರ ಮುಖ ಗೊತ್ತಿತ್ತು.

ಆಮೇಲೆ ಅಂಕಲ್‌ಗೆ ಫೋನ್ ಮಾಡಿದ್ವಿ. ಮ್ಯೂ ಗೀಯೂ ಏನೂ ಹೇಳಲಿಲ್ಲ. “ನಿಲ್ಲುತ್ತೆ ಅಂಕಲ್. ಆದ್ರೆ ನಮ್ಮ ರಸ್ತೆಯಲ್ಲಿ ನಿಲ್ಲೋದಕ್ಕಿಂತ ಮೂರು ಪಟ್ಟು ಜಾಗ ಬೇಕು. ಅಕ್ಕನಿಗೆ ಗೊತ್ತಿದೆ.”

“ಗೊತ್ತಿದ್ರೆ ಸಾಕು,” ಅಂದ್ರು. “ಘಾಟಿಲೂ ಅಷ್ಟೇ ಕಣ್ರಪ್ಪ.”